ತಂತಿಬುಟ್ಟಿ ತಿರುಗಿಸುತ್ತಿದ್ದ ಮಾಸ್ತರರು

ಮಡಿವಾಳಪ್ಪ ಮಾಸ್ತರರು ಎಂದೊಡನೆ ನನಗೆ ಕಾಣುವುದು ಸಾಲೆಯ ಮಾಳಿಗೆಯ ಮೇಲೆ, ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ, ದೊಡ್ಡದೊಂದು ತಂತಿಬುಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಂತ ಮನುಷ್ಯ. ಅವರ ಹಿಂದೆ ಬರೀ ಆಕಾಶ. ಆದರೆ ಈ ಚಿತ್ರವನ್ನು ನಾನು ಪೂರ್ತಿ ನಂಬಲಾರೆ. ಬುಟ್ಟಿ ಮಾಳಿಗೆಯ ಮೇಲೆ ಇರಲೇ ಇಲ್ಲ, ಅಂಗಳದಲ್ಲಿ ಹೊಸದಾಗಿ ಕಟ್ಟಿದ ಕಟ್ಟೆಯ ಮೇಲಿತ್ತು ಎನ್ನುತ್ತಾನೆ ಅಣ್ಣ. ಅವನು ನನಗಿಂತ ದೊಡ್ಡವನು, ಅವನ ಮಾತೇ ನಿಜವಿದ್ದೀತು. ಹಾಗಿದ್ದರೆ ನನ್ನ ಮಾಸ್ತರರು ಇಷ್ಟು ವರ್ಷ ಗಾಳಿಯ ಮೇಲೆ ನಿಂತಿದ್ದಾರೆ. ಆಗ ನಾನು ಮೂರನೆಯ ಇಯತ್ತೆಯ ಹುಡುಗಿ. ಇಲ್ಲಿ ಬರೆಯುವುದರಲ್ಲಿ ಕೆಲವನ್ನು ಕಣ್ಣಾರೆ ಕಂಡಿದ್ದೇನೆ, ಕೆಲವನ್ನು ಅಕ್ಕ ಶಾಂತಾ ಹೇಳಿದ್ದಾಳೆ, ಇನ್ನು ಕೆಲವನ್ನು ನನಗೆ ತಿಳಿಯದಂತೆ ನಾನೇ ತುಂಬಿಕೊಂಡಿರಬಹುದು. ಯಾವುದು ಯಾವುದೆಂದು ಈಗ ಬೇರ್ಪಡಿಸಲು ಆಗುತ್ತಿಲ್ಲ.

ನಮ್ಮೂರು ಸಿಂದಗಿಯಿಂದ ಇಂಡಿ ಪಟ್ಟಣದ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಹಳ್ಳಿ. ಎಪ್ಪತ್ತೈದರಲ್ಲಿ ನಮ್ಮ ಸೀಮೆಯ ಕೆಲವು ಹಳ್ಳಿಗಳ ಸಾಲೆಗಳಿಗೆ ಸರಕಾರ ಟಿವಿ ಕೊಟ್ಟಿತು. ಆಕಾಶದಲ್ಲಿದ್ದ ಉಪಗ್ರಹದಿಂದ ನೇರವಾಗಿ ನಮ್ಮ ಸಾಲೆಗೆ ಪಾಠ ಬರುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ. ಬೆಂಗಳೂರಿನವರ ಮನೆಗಳಿಗೇ ಆಗ ಟಿವಿ ಬಂದಿರಲಿಲ್ಲವೆಂದು ಎಷ್ಟೋ ವರ್ಷದ ಮೇಲೆ ತಿಳಿದಾಗ ನನಗೆ ನಗು ಬಂತು. ಆಕಾಶದಿಂದ ಬರುವುದನ್ನು ಹಿಡಿಯುವ ಬುಟ್ಟಿಯನ್ನು ಕೋಳಿಗೂಡಿಗೆ ಬಳಸುವ ಜಾಲರಿಯಿಂದಲೇ ಮಾಡಿದ್ದರು. ಜೋಡಿಸುವ ದಿನ ಊರ ಗೌಡರು ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು.

“ಏನ್ರಿ ಮಾಸ್ತರ, ಇದರಾಗ ಎಷ್ಟ ಕೋಳಿ ಹಿಡಿತಾವ?”

“ಕೋಳಿ ಅಲ್ರಿ ಗೌಡ್ರ, ಮ್ಯಾಲಿಂದ ಮಾತು ಬರ್ತಾವ, ಅವನ್ನ ಹಿಡಿತೈತಿ.”

“ಊರಾಗಿನ ಮಾತ ಹಿಡ್ಯಾಕ ಆಗವಲ್ದು, ಮ್ಯಾಲಿನೂ ಬೇಕೇನು!”

ಮಾಸ್ತರರು ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ನಗು ಹಾಗೇ ಇತ್ತು, ತಮ್ಮ ಮೇಲಿನ ಚೇಷ್ಟೆಗೂ ಮೊದಲು ನಗುವವರು ಅವರೇ.

ಅವರು ಮುದ್ದೇಬಿಹಾಳದ ಕಡೆಯವರು. ಎತ್ತರದ ಆಳು, ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಟಿವಿ ಬರುವ ಮೊದಲು ಅವರೂ ಎಲ್ಲರಂತೆ ಮಗ್ಗಿ ಹೇಳಿಸುತ್ತಿದ್ದ ಮಾಸ್ತರರೇ ಎಂದು ಅಣ್ಣ ಹೇಳುತ್ತಾನೆ. ಟಿವಿ ನಡೆಸುವುದನ್ನು ಕಲಿಯಲು ವಿಜಾಪುರಕ್ಕೆ ಹೋಗಿ ಬಂದಮೇಲೆ ಏನಾಯಿತೋ, ಖುರ್ಚಿ ಬಿಟ್ಟು ನಮ್ಮ ನಡುವೆ ಗೋಣಿತಟ್ಟಿನ ಮೇಲೆ ಕೂರತೊಡಗಿದರು. ಟಿವಿಯಲ್ಲಿ ಪಾಠ ಬರುವಾಗ ನಮ್ಮಂತೆಯೇ ಬಾಯಿ ತೆರೆದು ನೋಡುವರು. ಪಾಠ ಮುಗಿದೊಡನೆ ಯಾರಾದರೊಬ್ಬರನ್ನು ಎಬ್ಬಿಸಿ ಆರಿದ ಪೆಟ್ಟಿಗೆಯ ಪಕ್ಕ ನಿಲ್ಲಿಸುವರು. “ಈಗ ನೀನ ಟೀವಿ. ಏನೇನ ಕಂಡಿ, ನಮ್ಮ ಮಾತಿನಾಗ ಹೇಳು.” ಟಿವಿಯ ಕನ್ನಡ ಅರ್ಧ ನಮಗೆ ಹತ್ತುತ್ತಿರಲಿಲ್ಲ. ನಮ್ಮವರ ಬಾಯಿಂದ ಮತ್ತೊಮ್ಮೆ ಬಂದಮೇಲೆ ಅದು ಪಾಠವಾಗುತ್ತಿತ್ತು.

ನಾವು ಏನಾದರೂ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ. “ನನಗೂ ಗೊತ್ತಿಲ್ಲ. ನೋಡೂಣು ಬಾ.” ಒಬ್ಬ ಮಾಸ್ತರ ಮಕ್ಕಳೆದುರು ಗೊತ್ತಿಲ್ಲ ಎನ್ನುವುದು ಊರಿಗೆ ತಮಾಷೆಯಾಯಿತು. “ನಿಮ್ಮ ಮಾಸ್ತರ ನಿಮ್ಮನ್ನ ಕೇಳಿ ಕಲ್ತ ಪಗಾರ ತಗೋತಾನ ನೋಡ್ರಿ,” ಎಂದು ದೊಡ್ಡವರು ನಮ್ಮನ್ನು ಕಾಡುತ್ತಿದ್ದರು.

ಅಕ್ಕ ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದಳು. ಬಿಟ್ಟಿದ್ದಳು ಎನ್ನುವುದು ತಪ್ಪು, ಆಯಿ, ಅಂದರೆ ಅಪ್ಪನ ತಾಯಿ, ಬಿಡಿಸಿದ್ದಳು. ನಮ್ಮ ಮನೆಯಲ್ಲಿ ಅವಳ ಮಾತೇ ಕೊನೆಯದು. ಆಮೇಲೆ ಮಾಸ್ತರರು ಎಷ್ಟೋ ಸಲ ಮನೆಗೆ ಬಂದು, ಚಹಾ ಕುಡಿದು, ಬರಿಗೈಯಲ್ಲಿ ಹೋಗಿದ್ದರಂತೆ. ಮನೆಯಲ್ಲಿ ಕೂತೇ ಐದನೆಯದರ ಪುಸ್ತಕ ಓದಿ ಮುಗಿಸಿದ್ದಳೆಂದು ಅವಳ ಮೇಲೆ ಅವರಿಗೆ ಭರವಸೆ. ಟಿವಿ ಬಂದಮೇಲೆ ಅವರಿಗೊಂದು ದಾರಿ ಸಿಕ್ಕಿತು. ಸಂಜೆಯ ಕಾರ್ಯಕ್ರಮವೆಂದರೆ ಆಯಿಗೆ ಜೀವ, ಆದರೆ ಅಲ್ಲಿಯ ಮಾತು ತಿಳಿಯದು. ಮಾಸ್ತರರು ಅಕ್ಕನನ್ನು ಹೆಂಗಸರ ನಡುವೆ ಕೂರಿಸಿ ನಮ್ಮ ಮಾತಿನಲ್ಲಿ ಹೇಳಲು ಹಚ್ಚಿದರು. ನಾಲ್ಕು ದಿನಕ್ಕೆ ಆಯಿಗೆ ಅವಳಿಲ್ಲದೆ ಟಿವಿ ಇಲ್ಲವೆಂಬಂತಾಯಿತು. ಆಗ ಮಾಸ್ತರರು ಕೇಳಿದರು.

“ಆಯಿ, ಇಕಿ ಮುಂಜಾನಿನೂ ಬಂದ್ರ ಇನ್ನೂ ಚಲೋ ಹೇಳ್ತಾಳ್ರಿ. ಆರನೇ ಇಯತ್ತೆಕ್ಕ ಹೆಸರು ಹಚ್ಚತೇನಿ.”

“ಆತು. ಟೀವಿ ಇರೂ ತನಕ ಬರಲಿ. ಟೀವಿ ಹೋತಂದ್ರ ಸಾಲಿನೂ ಹೋತು. ಆಮ್ಯಾಲ ನೀವು ಹೊಸ್ತಲಾ ತುಳ್ಯಾಂಗಿಲ್ಲ.”

“ಒಪ್ಪಿದೆ ಬಿಡ್ರಿ.”

ಅಕ್ಕನನ್ನು ನೋಡಿ ಇನ್ನೂ ಕೆಲವು ಮನೆಗಳವರು ಹೆಣ್ಣುಮಕ್ಕಳನ್ನು ಮತ್ತೆ ಕಳಿಸಿದರು. ಅವರು ಬೆಳೆದ ಹುಡುಗಿಯರು, ಕೂರುವಾಗ ಗೋಡೆಗೆ ಅಂಟಿಕೊಂಡು ಕೂರುತ್ತಿದ್ದರು. ಏಳನೆಯ ಇಯತ್ತೆಯ ಪರೀಕ್ಷೆ ಪಾಸಾದರೆ ಸಿಂದಗಿಯ ಹೈಸ್ಕೂಲು, ಅಲ್ಲಿಂದ ಶಿಕ್ಷಕಿಯರ ಟ್ರೇನಿಂಗು ಎಂದು ಮಾಸ್ತರರು ಅಕ್ಕನ ಮುಂದಿನ ವರ್ಷಗಳನ್ನೆಲ್ಲ ಆಗಲೇ ಲೆಕ್ಕ ಹಾಕಿಟ್ಟುಕೊಂಡಿದ್ದರು. “ಶಾಂತವ್ವ ಅಕ್ಕೋರಾಗಿ ಇದ ಸಾಲಿಗೆ ಬರ್ತಾಳ. ನಾ ಆಕಿ ಕೈಯಾಗ ಗಂಟಿ ಕೊಟ್ಟು ಮನಿಗಿ ಹೋಗ್ತೇನಿ,” ಎನ್ನುತ್ತಿದ್ದರು.

ಒಂದು ದಿನ ಟಿವಿಯಲ್ಲಿ ಬೀಜ ಮೊಳೆಯುವುದನ್ನು ತೋರಿಸಿದರು. ಅಕ್ಕ ಎದ್ದು ಕೇಳಿದಳು, “ಗುರುಗಳ, ಬೀಜಾ ತಲಿಕೆಳಗ ಹಾಕಿದ್ರ ಬೇರ ಮ್ಯಾಲ ಹೋಗ್ತೈತೇನ್ರಿ?” ಮಾಸ್ತರರು ಎಂದಿನಂತೆ ಅಂದರು, “ನನಗೂ ಗೊತ್ತಿಲ್ಲವ್ವ.” ಗಾಜಿನ ಲೋಟದಲ್ಲಿ ಒದ್ದೆ ಅರಿವೆ ಸುತ್ತಿ ಜೋಳದ ಕಾಳು ಇಟ್ಟೆವು. ಮೊಳಕೆ ಒಡೆದಮೇಲೆ ಲೋಟವನ್ನೇ ಬೋರಲು ಹಾಕಿದರು. ಮೇಲಕ್ಕೆ ನೋಡುತ್ತಿದ್ದ ಬೇರು ದಿನದಿನಕ್ಕೆ ಬಾಗಿ ಮತ್ತೆ ಕೆಳಗೆ ಇಳಿಯಿತು. ಅಕ್ಕ ಅದನ್ನು ನೋಡಿ ಮನೆಯಲ್ಲಿ ತೊಗರಿ, ಕಡಲೆ, ಹೆಸರು ಎಲ್ಲವನ್ನೂ ತಿರುವಿ ಇಟ್ಟಳು. ಗೋಡೆಯ ಗೂಡಿನ ತುಂಬ ಲೋಟಗಳು. “ಕುಡ್ಯಾಕ ಒಂದ ಲ್ವಾಟೆ ಬಿಟ್ಟಿಲ್ಲಲ್ಲ ಈ ಹುಡಿಗಿ,” ಎಂದು ಆಯಿ ಬೈದಳು. ಆದರೂ ಲೋಟಗಳನ್ನು ಯಾರೂ ಮುಟ್ಟದಂತೆ ನೋಡಿಕೊಂಡವಳೂ ಅವಳೇ. ಆಯಿಯನ್ನು ಬರೀ ಕೆಟ್ಟವಳಾಗಿ ಬರೆಯಲು ನನಗೆ ಆಗದಿರುವುದು ಇದಕ್ಕೇ.

ಅಕ್ಕ ಏಳನೆಯ ಇಯತ್ತೆಗೆ ಬಂದ ವರ್ಷ, ಶ್ರಾವಣ ಹತ್ತಿದ ಹೊಸತರಲ್ಲಿ, ಒಂದು ಬೆಳಿಗ್ಗೆ ಟಿವಿ ಹಚ್ಚಿದರೆ ಏನೂ ಬರಲಿಲ್ಲ. ಬಿಳಿ ಚುಕ್ಕೆಗಳು, ಕಾಳು ಹುರಿದಂಥ ಸಪ್ಪಳ. ಮಾಸ್ತರರು ಗುಂಡಿ ತಿರುವಿ ನೋಡಿ, “ಗಾಳಿಗಿ ಬುಟ್ಟಿ ಹೊಳ್ಳೈತಿ,” ಎಂದು ಹೊರಗೆ ನಡೆದರು. ಅಂದಿನಿಂದ ಅದು ದಿನದ ಕೆಲಸವಾಯಿತು. ಅವರು ಬುಟ್ಟಿಯನ್ನು ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ತಿರುಗಿಸುವರು. ನಾವು ಕಿಟಕಿಯಲ್ಲಿ ಕುತ್ತಿಗೆ ಹಾಕಿ ನಿಲ್ಲುವೆವು.

“ಬಂತೇನ್ರೋ?”

“ಇಲ್ರೀ ಗುರುಗಳ, ಬರೇ ಜ್ವಾಳದ ಹಿಟ್ಟು!”

“ಈಗ?”

“ಹಿಟ್ಟ ಇನ್ನಾ ಜಾಸ್ತಿ ಆತ್ರೀ!”

ನಮಗೆ ಅದೊಂದು ಆಟ. ಆಮೇಲೆ ಒಳಗೆ ಬಂದು ಧೂಳು ಕೊಡವಿ, “ನಾಳಿ ಬರ್ತೈತಿ, ಅಲ್ಲೀ ತನಕಾ ಶಾಂತವ್ವನ ಟೀವಿ,” ಎಂದು ಅಕ್ಕನನ್ನು ನಿಲ್ಲಿಸುವರು. ಅವಳು ಹಳೆಯ ಪಾಠಗಳನ್ನೇ ಹೊಸದಾಗಿ ಹೇಳುವಳು. ಪರೀಕ್ಷೆಯ ಗಣಿತವನ್ನೂ ಅವರು ಹೀಗೆಯೇ ಅವಳಿಂದ ಹೇಳಿಸಿ ಕಲಿಸುತ್ತಿದ್ದರೆಂದು ಈಗ ಅನಿಸುತ್ತದೆ. ಆಯಿ ದಾರಿಯಲ್ಲಿ ಸಿಕ್ಕರೆ ಕೇಳುವಳು, “ಏನ್ರಿ ಮಾಸ್ತರ, ಟೀವಿ ಸತ್ತಿತೇನು?”

“ಇಲ್ರಿ ಆಯಿ, ಜಡ್ಡ ಬಿದ್ದೈತಿ. ರಿಪೇರಿಯವರಿಗೆ ಹೇಳೇನಿ, ಬರಾಕತ್ತಾರ.”

ಆಯಿ ನಂಬಿದಳು. ಹುಡುಗಿಯರನ್ನು ಕಳಿಸುತ್ತಿದ್ದ ಉಳಿದ ಮನೆಗಳೂ ನಂಬಿದವು. ಆ ಮಳೆಗಾಲ, ಆ ದಸರೆ ಹಾಗೆ ಕಳೆದವು. ಪರೀಕ್ಷೆಗೆ ಇನ್ನು ಚಳಿಗಾಲ ದಾಟಿದರೆ ಸಾಕಿತ್ತು.

ಹಿಂಗಾರಿ ಜೋಳ ಮೊಣಕಾಲುದ್ದ ಬಂದಾಗ ಒಂದು ಜೀಪು ಬಂತು. ಸಾಲೆಯೆದುರು ಜನ ನೆರೆದರು. ರಿಪೇರಿಯವರು ಬಂದರೆಂದು ಆಯಿ ದೊಡ್ಡ ತಂಬಿಗೆಯಲ್ಲಿ ಮಜ್ಜಿಗೆ ಹಿಡಿದು ಬಂದಳು. ಇಳಿದ ಇಬ್ಬರಲ್ಲಿ ಒಬ್ಬ ಹುಡುಗಪ್ರಾಯದವನು, ಒಳ್ಳೆಯ ಮುಖದವನು. ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡ.

“ಲಗೂ ಮಾಡ್ರಪಾ,” ಎಂದಳು ಆಯಿ, “ಭಾಳ ದಿನಾ ಆತು ಅದು ಮಾತಾಡಿ.”

“ರಿಪೇರಿ ಎಲ್ಲೀದ ಆಯಿ? ಪೆಟಗಿ ಒಯ್ಯಾಕ ಬಂದೀವಿ. ಮ್ಯಾಲಿನ ಉಪಗ್ರಹನ ಹೋಗಿಬಿಟ್ಟೈತಿ. ಬ್ಯಾರೆ ದೇಶದವರು ಒಂದ ವರ್ಷದ ಸಲುವಾಗಿ ಕೊಟ್ಟಿದ್ರು. ಶ್ರಾವಣದಾಗ ಮುಗೀತು. ಮಾಸ್ತರ್ರಿಗೆ ಮೊದಲ ಹೇಳಿದ್ವಲ್ಲ, ವಿಜಾಪುರಕ್ಕ ಬಂದಾಗನ.”

ಆಯಿಯ ಮುಖ ಹೇಗಾಯಿತೆಂದು ಬರೆಯಬೇಕೆನಿಸುತ್ತದೆ. ಆದರೆ ಅವಳ ಮುಖ ನೋಡಿದ ನೆನಪು ನನಗಿಲ್ಲ. ಮಾತು ಮಾತ್ರ ಕೇಳಿದ್ದೇನೆ.

“ಹೌದೇನ್ರಿ ಮಾಸ್ತರ? ನಿಮಗ ಗೊತ್ತಿತ್ತೇನು?”

ಮಾಸ್ತರರು ತಲೆಯೆತ್ತಲಿಲ್ಲ. “ಗೊತ್ತಿತ್ರಿ.”

“ಹಂಗಾರ ಇಷ್ಟ ದಿನ ಆ ಬುಟ್ಟಿ ಹಿಡಕೊಂಡ ಏನ ಆಟಾ ಕಟ್ಟಿದ್ರಿ ನಮ್ಮ ಮುಂದ?”

“ಪರೀಕ್ಷಾ ಒಂದು ಮುಗೀಲಿ ಅಂತ ಮಾಡಿದೆ ಆಯಿ. ಹುಡಿಗಿ ಚಲೋ ಅದಾಳ. ಇನ್ನ ನಾಕ ತಿಂಗಳಾ ಕೊಡ್ರಿ. ನಿಮ್ಮ ಕಾಲ ಬೀಳ್ತೇನಿ.”

“ಸುಳ್ಳ ಹೇಳೂ ಮಾಸ್ತರನ ಕೈಯಾಗ ಹೆಣ್ಣಮಕ್ಕಳನ್ನ ಹ್ಯಾಂಗ ಬಿಡೂದು?” ಇದನ್ನು ಅವಳು ಅವರಿಗೆ ಹೇಳಲಿಲ್ಲ, ನೆರೆದಿದ್ದ ಹೆಂಗಸರ ಕಡೆ ತಿರುಗಿ ಹೇಳಿದಳು. ಅಷ್ಟೇ ಸಾಕಾಯಿತು. ಮರುದಿನ ಅಕ್ಕ ಮನೆಯಲ್ಲಿ ಉಳಿದಳು. ಗೋಡೆಗೆ ಅಂಟಿ ಕೂರುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ, ಅದೇ ವಾರ, ಎಲ್ಲರೂ. ಅಪ್ಪ ಎಂದಿನಂತೆ ಆಯಿಯ ಮಾತಿಗೆ ಎದುರಾಡಲಿಲ್ಲ. ಬೇಸಿಗೆಯಲ್ಲಿ, ಉಳಿದವರು ಪರೀಕ್ಷೆ ಬರೆದು ಬಂದಮೇಲೆ, ಅಕ್ಕನನ್ನು ಬಸವನ ಬಾಗೇವಾಡಿಗೆ ಮದುವೆ ಮಾಡಿ ಕೊಟ್ಟರು.

ಆಮೇಲಿನ ಮಾಸ್ತರರನ್ನು ನಾನು ಚೆನ್ನಾಗಿ ಬಲ್ಲೆ, ಏಕೆಂದರೆ ನಾನಿನ್ನೂ ಸಣ್ಣವಳೆಂದು ಆಯಿ ನನ್ನನ್ನು ಬಿಡಿಸಲಿಲ್ಲ, ಮುಂದಿನ ಇಯತ್ತೆಗಳನ್ನು ಅವರ ಕೈಯಲ್ಲೇ ಕಲಿತೆ. ಅವರು ಗೋಣಿತಟ್ಟಿನಿಂದ ಎದ್ದು ಖುರ್ಚಿಗೆ ಹೋದರು. ಮಗ್ಗಿ ಹೇಳಿಸಿದರು. ಪ್ರಶ್ನೆ ಕೇಳಿದರೆ ಪುಸ್ತಕದಲ್ಲಿ ಇದ್ದದ್ದನ್ನು ಓದಿ ಹೇಳಿದರು. ನಾನೊಮ್ಮೆ ಅಕ್ಕನಂತೆ ಆಗಬೇಕೆಂದು, ಚಂದ್ರ ಹಗಲಲ್ಲೂ ಒಮ್ಮೊಮ್ಮೆ ಏಕೆ ಕಾಣುತ್ತಾನೆ ಎಂದು ಕೇಳಿದೆ. “ಪರೀಕ್ಷಾಕ್ಕ ಬರೂದಿಲ್ಲ ಅದು. ಕುಂದ್ರು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಆ ವರ್ಷ ಸಾಹೇಬರು ತಪಾಸಣೆಗೆ ಬಂದು, ಮಕ್ಕಳು ಮಗ್ಗಿ ಸರಿಯಾಗಿ ಒಪ್ಪಿಸಿದ್ದಕ್ಕೆ ಅವರನ್ನು ಬಹಳ ಹೊಗಳಿದರು.

ಆಯಿ ತೀರಿಕೊಂಡ ಮೇಲೆ ಅಪ್ಪ ನಮ್ಮನ್ನು ಸಿಂದಗಿಗೆ ಕರೆತಂದ. ನಾನು ಹೈಸ್ಕೂಲಿಗೆ, ಕಾಲೇಜಿಗೆ, ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಅಕ್ಕನಿಗಿಂತ ತಡವಾಗಿ ಹುಟ್ಟಿದೆ, ಅಷ್ಟೆ. ಅಲ್ಲಿಯ ಗ್ರಂಥಾಲಯದಲ್ಲಿ ಆ ಟಿವಿಯ ಬಗ್ಗೆ ಬರೆದದ್ದನ್ನು ಓದಿದೆ. ಅದು ಒಂದೇ ವರ್ಷದ ಪ್ರಯೋಗವೆಂದು ಮೊದಲೇ ಗೊತ್ತಿದ್ದ ಸಂಗತಿ. ಅಂದರೆ ಆಯಿಗೆ “ಒಪ್ಪಿದೆ ಬಿಡ್ರಿ” ಎಂದ ದಿನವೇ ಮಾಸ್ತರರಿಗೆ ಪರೀಕ್ಷೆಯ ಲೆಕ್ಕವೂ ಗೊತ್ತಿತ್ತು, ಟಿವಿಯ ಲೆಕ್ಕವೂ ಗೊತ್ತಿತ್ತು. ಎರಡೂ ಕೂಡುವುದಿಲ್ಲವೆಂದು ತಿಳಿದೇ ಒಪ್ಪಿದ್ದರು.

ಅವರನ್ನು ಕೊನೆಯ ಸಲ ಕಂಡದ್ದು ಸಿಂದಗಿಯ ಬಸ್ ನಿಲ್ದಾಣದಲ್ಲಿ. ನಾನು ಧಾರವಾಡಕ್ಕೆ ಹೊರಟಿದ್ದೆ. ಅವರಿಗೆ ಮುದ್ದೇಬಿಹಾಳದ ಕಡೆ ವರ್ಗವಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಏನು ಓದುತ್ತಿದ್ದೇನೆಂದು ಕೇಳಲಿಲ್ಲ. “ಶಾಂತವ್ವ ಹ್ಯಾಂಗದಾಳ?” ಎಂದರು.

“ಚಲೋ ಅದಾಳ್ರಿ ಗುರುಗಳ. ಇಬ್ಬರು ಮಕ್ಕಳು.”

ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ನಾ ಆವಾಗ ಖರೇ ಹೇಳಿದ್ದಿದ್ರ ಆಕಿ ಒಬ್ಬಾಕಿ ಹೋಗ್ತಿದ್ಲವ್ವ. ಉಳದ ಹುಡಿಗ್ಯಾರು ಇರ್ತಿದ್ರೋ ಏನೋ. ನಾ ಸುಳ್ಳ ಹೇಳಿದೆ. ಆಕಿನೂ ಹೋದ್ಲು, ಉಳದವರೂ ಹೋದ್ರು. ಹೊಳ್ಳಿ ಯಾರೂ ಬರಲಿಲ್ಲ.”

ಅವರ ಬಸ್ಸು ಬಂತು, ಜನ ನುಗ್ಗಿದರು, ಅವರೂ ಒಳಗೆ ಹೋದರು. ಕಿಟಕಿಯಿಂದ ಕೈ ಮಾಡಿದರೆಂದು ಹಿಂದೊಮ್ಮೆ ದಿನಚರಿಯಲ್ಲಿ ಬರೆದಿದ್ದೇನೆ. ಆ ಬಸ್ಸಿನ ತುಂಬ ಜನ ನಿಂತಿದ್ದರು, ಕಿಟಕಿ ಕಂಡಿರಲಾರದು. ಅವರು ತೀರಿಹೋದ ಸುದ್ದಿಯನ್ನು, ಆಗಿ ಎಷ್ಟೋ ದಿನವಾದಮೇಲೆ, ಅಣ್ಣ ಹೇಳಿದ.

ಹೋದ ತಿಂಗಳು ಬಸವನ ಬಾಗೇವಾಡಿಗೆ ಹೋಗಿದ್ದೆ. ಅಕ್ಕ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು, ನಾನೂ ಕೂತೆ. ಮಾಸ್ತರರ ಮಾತು ತೆಗೆದೆ. ಅವಳು ನಕ್ಕಳು, ಅವರ ನಡಿಗೆಯನ್ನು ಕೂತಲ್ಲೇ ಅಣಕಿಸಿ ತೋರಿಸಿದಳು. ಎಷ್ಟೋ ವರ್ಷದಿಂದ ನನ್ನೊಳಗಿದ್ದ ಮಾತನ್ನು ಆಗ ಕೇಳಿದೆ. ಅವಳ ಬೆರಳು ನಿಂತಿತು, ಮತ್ತೆ ಸುಲಿಯತೊಡಗಿತು. ಹೊರಗಿಂದ ಯಾರೋ ಕರೆದರೆಂದು ಎದ್ದು ಹೋದಳು. ಮತ್ತೆ ಬಂದು ಊಟಕ್ಕೆ ಬಡಿಸಿದಳು, ಊರಿನ ಸುದ್ದಿಯನ್ನೆಲ್ಲ ಹೇಳಿದಳು, ಮರುದಿನ ಬಸ್ಸು ಹತ್ತಿಸಿ ಬುತ್ತಿಯ ಗಂಟು ಕೈಗಿಟ್ಟಳು. ಆ ಮಾತಿಗೆ ಮಾತ್ರ ಇವತ್ತಿನವರೆಗೂ ಏನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಅಕ್ಕಾ, ಮಾಸ್ತರ್ರು ನಿನ್ನನ್ನ ಹೊಳ್ಳಿ ಸಾಲಿಗೆ ಕರೀದ ಇದ್ದಿದ್ರ, ನಿನಗ ಈ ಸಂಸಾರ ಇದಕ್ಕಿಂತ ಹಗುರ ಆಗ್ತಿತ್ತೇನು?”