ಪಾಸ್‌ಪೋರ್ಟಿಗೆ ಹಚ್ಚಿದ ಕುಂಕುಮ

ನನ್ನ ತಂಗಿ ಡಾಕ್ಟರು, ನಾನು ಟೈಲ್ಸ್ ಕೂಡಿಸುವವನು. ಪುಣೆಯ ಧನಕವಡಿಯಲ್ಲಿ ನಮ್ಮ ಮನೆ ಯಾವುದೆಂದು ಕೇಳಿದರೆ ಜನ ಡಾಕ್ಟರ್ ಬಾಯಿಯ, ಅಂದರೆ ಡಾಕ್ಟರಮ್ಮನ, ಮನೆ ಎಂದು ಬೆರಳು ತೋರಿಸುತ್ತಾರೆ. ನಾನು ಎದುರಿಗೇ ನಿಂತಿದ್ದರೆ, ಇವರು ಅವರ ಅಣ್ಣ ಎಂದು ಸೇರಿಸುತ್ತಾರೆ. ಅಪ್ಪ ಯಾದಗಿರಿ ಕಡೆಯಿಂದ ಪುಣೆಗೆ ಇಟ್ಟಿಗೆ ಹೊರಲು ಬಂದವನು. ಅವನು ತೀರಿಕೊಂಡಾಗ ನಾನು ಏಳನೆಯ ತರಗತಿಯಲ್ಲಿದ್ದೆ, ಅಲ್ಲಿಗೇ ಬಿಟ್ಟೆ. ತಂಗಿ ಬಿಡಲಿಲ್ಲ. ಅವಳನ್ನು ಓದಿಸಿದವನು ನಾನು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಓದಿದವಳು ಅವಳು ಎನ್ನುವುದು ಅಷ್ಟಾಗಿ ನೆನಪಿಗೆ ಬರುತ್ತಿರಲಿಲ್ಲ.

ಅವಳಿಗೆ ಮಕ್ಕಳ ಡಾಕ್ಟರ್ ಆಗಬೇಕಿತ್ತು, ಅದೂ ಅಮೆರಿಕದಲ್ಲಿ ಕಲಿತು. ಅದಕ್ಕೆ ಬೇಕಾದ ಪರೀಕ್ಷೆಗಳನ್ನು ಆಸ್ಪತ್ರೆಯ ಡ್ಯೂಟಿಯ ನಡುವೆಯೇ ಮುಗಿಸಿದ್ದಳು. ಇನ್ನು ಉಳಿದಿದ್ದು ಅಲ್ಲಿಯ ಆಸ್ಪತ್ರೆಯವರ ಎದುರು ಕೂತು ಮಾತಾಡುವುದು. ಈಗೀಗ ಬಹಳಷ್ಟು ಜನ ಕಂಪ್ಯೂಟರಿನಲ್ಲೇ ಮುಖ ನೋಡಿ ಮಾತು ಮುಗಿಸುತ್ತಾರಂತೆ. ಆದರೆ ಇವಳನ್ನು ಕರೆದ ಎರಡೂ ಆಸ್ಪತ್ರೆಗಳು ಖುದ್ದಾಗಿ ಬರಬೇಕು ಎಂದವು. ಒಂದರ ಸಂದರ್ಶನ ನವೆಂಬರಿನಲ್ಲಿ, ಇನ್ನೊಂದರದು ಜನವರಿಯಲ್ಲಿ. ನವೆಂಬರಿನದು ಅವಳ ಮನಸ್ಸಿನ ಆಸ್ಪತ್ರೆ. ಹುಟ್ಟಿದ ಕೂಸಿನ ಹೃದಯಕ್ಕೆ ಅಲ್ಲಿ ಮಾಡುವ ಚಿಕಿತ್ಸೆಯ ಬಗ್ಗೆ ಊಟದ ಹೊತ್ತಿನಲ್ಲಿ ಹೇಳುತ್ತಿದ್ದಳು. ಅವ್ವ ತುತ್ತು ಕೈಯಲ್ಲಿ ಹಿಡಿದು ಕೇಳುತ್ತ ಕೂರುತ್ತಿದ್ದಳು.

ಹೋಗಲು ಬೇಕಾದದ್ದು ಭೇಟಿಗೆ ಹೋಗುವವರ ವೀಸಾ. ಈ ವೀಸಾದ ಸ್ವಭಾವ ನನಗೆ ಅರ್ಥವಾಗಲು ದಿನ ಹಿಡಿಯಿತು. ಅವಳು ಹೋಗುವುದು, ಅಲ್ಲಿ ಮೂರು ವರ್ಷ ಇದ್ದು ಕಲಿಯುವಂಥ ಜಾಗ ಕೇಳಲು. ಆದರೆ ಕೇಳಲು ಹೋಗಬೇಕಾದರೆ, ನನಗೆ ಅಲ್ಲಿ ಇರುವ ವಿಚಾರವಿಲ್ಲ, ಮಾತು ಮುಗಿದ ಮರುದಿನ ವಿಮಾನ ಹತ್ತುತ್ತೇನೆ ಎಂದು ನಂಬಿಸಬೇಕು. ಹೆಣ್ಣು ನೋಡಲು ಬಂದವನು, ನನಗೆ ಮದುವೆಯ ಯೋಚನೆಯೇ ಇಲ್ಲ ಎಂದು ಬಾಗಿಲಲ್ಲಿ ಬರೆದುಕೊಟ್ಟು ಒಳಗೆ ಹೋಗಿ ಉಪ್ಪಿಟ್ಟು ತಿಂದ ಹಾಗೆ. ಅರ್ಜಿಯಲ್ಲಿ ಇನ್ನೂ ಕೆಲವು ಪ್ರಶ್ನೆಗಳಿದ್ದವು. ನೀವು ಭಯೋತ್ಪಾದನೆ ಮಾಡಿದ್ದೀರಾ, ಮಾಡುವ ಉದ್ದೇಶವಿದೆಯೇ, ಮನುಷ್ಯರನ್ನು ಕದ್ದು ಸಾಗಿಸಿದ್ದೀರಾ. ತಂಗಿ ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿ, ಇಲ್ಲ ಇಲ್ಲ ಎಂದು ಒತ್ತುತ್ತ ಹೋದಳು. ಅವ್ವ ಅವರೆಕಾಯಿ ಬಿಡಿಸುತ್ತ ಕೇಳಿದಳು, "ಹೌದು ಅಂತ ಬರಿಯೋರು ಇರ್ತಾರೇನವ್ವ?"

ದಾರಿ ಗೊತ್ತಿರಲಿ ಎಂದು ನಾನೇ ಒಬ್ಬ ವೀಸಾ ಸಲಹೆಗಾರನನ್ನು ಹುಡುಕಿದೆ. ಸದಾಶಿವ ಪೇಠದ ಹಳೆಯ ತೊಟ್ಟಿಮನೆಯಂಥ ವಾಡೆಯೊಂದರ ಮರದ ಮೆಟ್ಟಿಲು ಹತ್ತಿದರೆ ಅವನ ಕಚೇರಿ. ಆ ಮನುಷ್ಯ ಸ್ವತಃ ಅಮೆರಿಕ ನೋಡಿರಲಿಲ್ಲ. ಗೋಡೆಯ ಮೇಲೆ ಮಾತ್ರ ಅಲ್ಲಿಯ ಸೇತುವೆ, ಕಟ್ಟಡ, ಹಿಮ ಎಲ್ಲ ಇತ್ತು. ನಗಬೇಕು, ಆದರೆ ಹಲ್ಲು ಕಾಣುವಷ್ಟು ನಗಬಾರದು ಎಂದು ತಂಗಿಗೆ ಕಲಿಸಿದ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ಗೊತ್ತಿದ್ದದ್ದನ್ನೆಲ್ಲ ಹೇಳುವುದು ಬಡವರ ಲಕ್ಷಣ ಎಂದ. ಆಮೇಲೆ ನನ್ನ ಕಡೆ ತಿರುಗಿ ನಿನ್ನ ಕೆಲಸವೇನು ಎಂದು ಕೇಳಿದ. ಹೇಳಿದೆ. ಅವನು ಸ್ವಲ್ಪ ಯೋಚಿಸಿ, ಅಣ್ಣ ಟೈಲ್ಸ್ ಕೂಡಿಸುತ್ತಾನೆ ಎಂದರೆ ತಂಗಿ ವಾಪಸು ಬರುವುದಿಲ್ಲ ಅನ್ನಿಸುತ್ತದೆ, ಸಿವಿಲ್ ಕಾಂಟ್ರಾಕ್ಟರ್ ಎಂದರೆ ಬರುತ್ತಾಳೆ ಅನ್ನಿಸುತ್ತದೆ ಎಂದು ಮರಾಠಿಯಲ್ಲಿ ವಿವರಿಸಿದ. ಮೆಟ್ಟಿಲು ಇಳಿಯುವಾಗ ನಾನು ಕಾಂಟ್ರಾಕ್ಟರ್ ಆಗಿದ್ದೆ. ನನಗದು ಬೇಜಾರೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ.

ಮುಂಬೈಯ ವೀಸಾ ತಾರೀಖು ಸುಲಭಕ್ಕೆ ಸಿಗುವುದಲ್ಲ. ತಂಗಿ ವಾರಗಟ್ಟಲೆ ಫೋನ್ ನೋಡಿ ನೋಡಿ, ಯಾರೋ ಬಿಟ್ಟ ಜಾಗವನ್ನು ಹಿಡಿದಿದ್ದಳು. ದಸರೆ ಮುಗಿದ ವಾರದಲ್ಲಿ ಒಂದು ದಿನ ಬೆರಳಚ್ಚು, ಮರುದಿನ ಅಧಿಕಾರಿಯ ಮುಂದೆ ಮಾತು. ಅದಕ್ಕೂ ಮೊದಲು ಪಾಸ್‌ಪೋರ್ಟಿನ ಬಣ್ಣದ ಝೆರಾಕ್ಸ್ ಬೇಕು ಎಂದು ಸಲಹೆಗಾರ ಹೇಳಿದ. ಅವಳಿಗೆ ಡ್ಯೂಟಿ. "ಅಣ್ಣಾ, ಹುಷಾರಾಗಿ ಒಯ್ದು ಹುಷಾರಾಗಿ ತಾ" ಎಂದು ನನ್ನ ಕೈಗೆ ಕೊಟ್ಟು ಹೋದಳು. ಝೆರಾಕ್ಸ್ ಮಾಡಿಸಿ ಮನೆಗೆ ತಂದೆ. ಅಂದು ಖಂಡೇ ನವಮಿ, ಆಯುಧಪೂಜೆ.

ನಮ್ಮಲ್ಲಿ ಆ ದಿನ ಹೊಟ್ಟೆಗೆ ಅನ್ನ ಹಾಕುವ ಸಾಮಾನಿಗೆಲ್ಲ ಪೂಜೆ. ನನ್ನ ಕಟರ್ ಮಶೀನು, ಕರಣೆ, ರಬ್ಬರ್ ಸುತ್ತಿಗೆ, ಮಟ್ಟ ನೋಡುವ ರಸಮಟ್ಟ ಎಲ್ಲ ತೊಳೆದು ಮಣೆಯ ಮೇಲೆ ಸಾಲಾಗಿ ಇಡುತ್ತೇವೆ. ಅವ್ವನ ಭಕ್ತಿ ಅಷ್ಟಕ್ಕೆ ನಿಲ್ಲುವುದಿಲ್ಲ. ಮಿಕ್ಸರು, ಗ್ಯಾಸ್ ಸಿಲಿಂಡರು, ತಂಗಿಯ ಸ್ಟೆತಾಸ್ಕೋಪು, ಎಲ್ಲಕ್ಕೂ ಅವಳ ಉಂಗುರ ಬೆರಳಿನಿಂದ ಒಂದೊಂದು ಸಣ್ಣ ಬೊಟ್ಟು. ಸ್ಟೆತಾಸ್ಕೋಪಿನ ಕುಂಕುಮ ರೋಗಿಯೊಬ್ಬನ ಅಂಗಿಗೆ ಹತ್ತಿ, ಅವನು ರಕ್ತವೆಂದು ಹೆದರಿದ್ದ ಕತೆಯನ್ನು ತಂಗಿ ಪ್ರತಿ ವರ್ಷ ಹೇಳಿ ನಗುತ್ತಾಳೆ.

ಆ ಸಲ ಅವ್ವ ತನ್ನ ಬೊಟ್ಟುಗಳನ್ನೆಲ್ಲ ಇಟ್ಟು ಅಡಿಗೆಗೆ ಹೋದಳು. ನನ್ನ ಜೊತೆ ಕೆಲಸ ಮಾಡುವ ನಾಲ್ಕು ಜನ ಪೂಜೆಗೆ ಬಂದರು. ಪಾಸ್‌ಪೋರ್ಟ್ ನನ್ನ ಜೇಬಿನಲ್ಲೇ ಇತ್ತು. ತಂಗಿ ಅಮೆರಿಕಕ್ಕೆ ಹೋಗುತ್ತಾಳೆ ಎಂದು ಅವರಿಗೆ ಹತ್ತು ಸಲ ಹೇಳಿದ್ದೆ, ತೋರಿಸುವಂಥದ್ದು ಕೈಗೆ ಸಿಕ್ಕಿದ್ದು ಅಂದೇ. ಅದನ್ನು ಬಿಚ್ಚಿ, ಅವಳ ಫೋಟೋ ಕಾಣುವ ಹಾಗೆ, ಕಟರ್ ಮಶೀನಿಗೂ ರಸಮಟ್ಟಕ್ಕೂ ನಡುವೆ ನಿಲ್ಲಿಸಿದೆ. ಎಲ್ಲರೂ ಕೈಮುಗಿದರು. ಫೋಟೋದಲ್ಲಿ ಅವಳ ಹಣೆ ಬರಿದಾಗಿತ್ತು. ನಾನು ಹೆಬ್ಬೆರಳನ್ನು ಒದ್ದೆ ಅರಿಶಿನದಲ್ಲಿ ಅದ್ದಿ, ಮತ್ತೆ ಕುಂಕುಮದಲ್ಲಿ ಅದ್ದಿ, ಸರ್ಕಾರದ ಪುಸ್ತಕದೊಳಗಿನ ಆ ಹಣೆಗೆ ಉದ್ದಕ್ಕೆ ಎಳೆದೆ. ನಂತರ ಕಾಯಿ ಒಡೆದೆವು. ನೀರು ಸಿಡಿದು ನೇರ ಅದರ ಮೇಲೆ ಬಿತ್ತು.

ಅವರು ಹೋದ ಮೇಲೆ ಒರೆಸಲು ಕೂತೆ. ಟೈಲ್ಸಿನವನಿಗೆ ಒರೆಸುವುದು ಗೊತ್ತು. ಸಂದಿಗೆ ತುಂಬಿದ ಸಿಮೆಂಟು ಮೇಲೆ ಹರಡಿದರೆ ಒದ್ದೆ ಸ್ಪಂಜಿನಿಂದ ಓರೆಯಾಗಿ ಒರೆಸಬೇಕು, ಆಮೇಲೆ ಕಲೆ ತೆಗೆಯುವ ಪುಡಿ ಹಚ್ಚಬೇಕು. ಹಾಗೆಯೇ ಮಾಡಿದೆ. ಸುಣ್ಣದ ಗುಣದ ಆ ಪುಡಿ ತಗುಲಿದ್ದೇ ಅರಿಶಿನ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ ಎಂದು ಆರತಿ ನೀರು ಕಲಸುವ ಮನೆಯವರಿಗೆಲ್ಲ ಗೊತ್ತು, ನನಗೆ ಅದು ನೆನಪಾದದ್ದು ಆಗಿಹೋದ ಮೇಲೆ. ಗಾಬರಿಯಲ್ಲಿ ಇನ್ನಷ್ಟು ಉಜ್ಜಿದೆ. ಪುಟದ ಮೇಲಿನ ಪ್ಲಾಸ್ಟಿಕ್ಕಿನ ಅಂಚು ಎದ್ದು, ಕೆಂಪು ಒಳಗೆ ಇಳಿಯಿತು. ಫ್ಯಾನಿನ ಕೆಳಗೆ ಒಣಗಿಸಿ, ಸಪಾಟಾಗಲಿ ಎಂದು ಮೇಲೊಂದು ದೊಡ್ಡ ಟೈಲ್ಸ್ ಹೇರಿದೆ. ಮರುದಿನ ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ತಂಗಿಯ ಫೈಲಿನಲ್ಲಿ ಇಟ್ಟುಬಿಟ್ಟೆ. ಅವಳು ಫೈಲು ತೆರೆದು ರಟ್ಟು ನೋಡಿದಳು, ಮುಚ್ಚಿದಳು.

ಮುಂಬೈಗೆ ಬೆಳಗಿನ ರೈಲಿನಲ್ಲಿ ಇಬ್ಬರೇ ಹೋದೆವು. ತನಗೆ ಅಭ್ಯಾಸವಾಗಲಿ ಎಂದು ತಂಗಿ ನನ್ನನ್ನು ಅಧಿಕಾರಿ ಮಾಡಿದಳು.

"ಯಾಕ ಬರ್ಲಿಕತ್ತೀರಿ ನಮ್ಮ ದೇಶಕ್ಕ?" ಎಂದು ಗಡಸು ದನಿಯಲ್ಲಿ ಕೇಳಿದೆ.

"ಸಂದರ್ಶನಕ್ಕ ಬರ್ಲಿಕತ್ತೀನ್ರಿ."

"ಮುಗಿದ ಮ್ಯಾಲೆ?"

"ವಾಪಸ್ ಹೋಗ್ತೀನ್ರಿ. ಮನ್ಯಾಗ ಅವ್ವ ಇದ್ದಾಳ, ಅಣ್ಣ ಇದ್ದಾನ."

"ಅಣ್ಣ ಏನ್ ಮಾಡ್ತಾನ?"

"ನಮ್ಮಣ್ಣ ಟೈಲ್ಸ್ ಕೂಡಸ್ತಾನ್ರಿ. ಭಾಳ ಛಲೋ ಕೂಡಸ್ತಾನ."

ಕಾಂಟ್ರಾಕ್ಟರ್ ಅನ್ನಬೇಕಲ್ಲ ಎಂದೆ. ಸುಳ್ಳು ಹೇಳಿದರೆ ತನ್ನ ಮುಖದಲ್ಲಿ ಕಾಣುತ್ತದೆ, ಬೇಡ ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಅಷ್ಟರಲ್ಲಿ ಲೋಣಾವಳಾ ಬಂತು. ಅಲ್ಲಿ ಹೇಳಿಬಿಡಬಹುದಿತ್ತು. ಅಲ್ಲಿಂದಲೇ ಹಿಂದಿರುಗಿದ್ದರೆ ಆ ತಾರೀಖನ್ನು ಮುಂದಕ್ಕೆ ಹಾಕಿಸಿಕೊಳ್ಳಲು ಏನಾದರೂ ದಾರಿ ಇತ್ತೋ ಏನೋ. ನಾನು ಇಳಿದು ಚಿಕ್ಕಿ ತಂದುಕೊಟ್ಟೆ. ಕಡಲೆಯದೊಂದು, ಎಳ್ಳಿನದೊಂದು.

ಬೆರಳಚ್ಚು ಕೊಡುವ ಕೇಂದ್ರದ ಬಾಗಿಲಾಚೆ ನನ್ನನ್ನು ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಅವಳು ಹೊರಗೆ ಬಂದಳು. ಒಳಗಿನ ಹುಡುಗಿ ಪಾಸ್‌ಪೋರ್ಟ್ ಬಿಚ್ಚಿ, ಫೋಟೋ ನೋಡಿ, ಇವಳ ಮುಖ ನೋಡಿ, ಹಾಳಾದ ಪಾಸ್‌ಪೋರ್ಟ್ ನಡೆಯುವುದಿಲ್ಲ, ಹೊಸದು ಮಾಡಿಸಿ ಹೊಸ ಅರ್ಜಿ ಹಾಕಿ ಎಂದಳಂತೆ. ತಂಗಿ ಅಳಲಿಲ್ಲ. ಆ ಪುಟವನ್ನು ನನಗೆ ತೋರಿಸಿ, ಇದು ಹೇಗೆ ಆಯಿತು ಎಂದು ಮೆಲ್ಲಗೆ ಕೇಳಿದಳು. ರೋಗಿಗೆ ಎಲ್ಲಿ ನೋವು ಎಂದು ಕೇಳುವ ದನಿ.

"ಅವ್ವ ಪೂಜಾ ಮಾಡಿರ್ಬೇಕು," ಎಂದೆ.

ಮನೆಗೆ ಬಂದು ಅವಳು ಕೇಳಿದಾಗ ಅವ್ವ ಪಾಸ್‌ಪೋರ್ಟನ್ನು ತಿರುಗಿಸಿ ನೋಡಿದಳು, ನನ್ನನ್ನು ನೋಡಿದಳು. ಹೌದವ್ವ, ನಾನೇ ಇರಬೇಕು, ಈಗೀಗ ನೆನಪಿರುವುದಿಲ್ಲ ಎಂದಳು. ನಾನು ಅಲ್ಲೇ ಚಪ್ಪಲಿ ಬಿಡುತ್ತಿದ್ದೆ. ಬಹಳ ಹೊತ್ತು ಬಿಟ್ಟೆ.

ಹೊಸ ಪಾಸ್‌ಪೋರ್ಟಿಗೆ ಪೊಲೀಸರ ವಿಚಾರಣೆಯಾಯಿತು. ಬಂದ ಹವಾಲ್ದಾರ ಒಳ್ಳೆಯ ಮನುಷ್ಯ, ಚಹಾ ಕುಡಿದ. ಪುಸ್ತಕ ಹೇಗೆ ಕೆಟ್ಟಿತು ಎಂದು ಕೇಳಿದ. ಅವ್ವ ತನ್ನ ಮರಾಠಿಯಲ್ಲಿ ಪೂಜೆಯ ಕತೆ ಹೇಳಿದಳು. ಅವನು ನಕ್ಕು, "ಆಜಿ, ನಾವೂ ಠಾಣೆಯಲ್ಲಿ ಬಂದೂಕಿಗೆ ಕುಂಕುಮ ಹಚ್ತೀವಿ, ಆದ್ರೆ ತೊಳೆಯಲ್ಲ. ಇದನ್ನ ಏನು ಹಾಕಿ ತೊಳೆದ್ರಿ?" ಎಂದು ಮರಾಠಿಯಲ್ಲೇ ಕೇಳಿದ. ಅವ್ವ ನೀರು ಎಂದಳು. ನೀರಿಗೆ ಇಷ್ಟು ಕೆಂಪಾಗುತ್ತದೆಯೇ ಎಂದು ಅವನು ತಲೆ ಕೆರೆದುಕೊಂಡು ಸಹಿ ಮಾಡಿದ. ನಾನು ಅವನಿಗೆ ಇನ್ನೊಂದು ಕಪ್ ಚಹಾ ತಂದೆ.

ಹೊಸ ಪುಸ್ತಕ ಬರುವಷ್ಟರಲ್ಲಿ ನವೆಂಬರಿನ ಆಸ್ಪತ್ರೆ ಕೈಬಿಟ್ಟಿತ್ತು. ದಿನ ಬದಲಿಸಿಕೊಡಿ ಎಂದು ತಂಗಿ ಬರೆದಳು. ವಿಷಾದಿಸುತ್ತೇವೆ ಎಂದು ಎರಡು ಸಾಲಿನ ಉತ್ತರ ಬಂತು. ಮತ್ತೆ ಅರ್ಜಿ ತುಂಬಿದಳು, ಮತ್ತೆ ಭಯೋತ್ಪಾದನೆ ಮಾಡಿಲ್ಲ ಎಂದು ಒತ್ತಿದಳು. ತುರ್ತು ಎಂದು ಬೇಡಿಕೊಂಡ ಮೇಲೆ ಡಿಸೆಂಬರಿನಲ್ಲಿ ತಾರೀಖು ಸಿಕ್ಕಿತು. ಸಲಹೆಗಾರ ಐವತ್ತು ಪ್ರಶ್ನೆ ಉರು ಹೊಡೆಸಿದ್ದ. ಅಧಿಕಾರಿ ಕೇಳಿದ್ದು, ಪಾಸ್‌ಪೋರ್ಟ್ ಇಷ್ಟು ಹೊಸದೇಕೆ ಎಂದು. ಅಮ್ಮ ಹಳೆಯದಕ್ಕೆ ಅರಿಶಿನ ಕುಂಕುಮ ಹಚ್ಚಿಬಿಟ್ಟಳು ಎಂದಳು ತಂಗಿ. ಅವನು ನಕ್ಕು ವೀಸಾ ಕೊಟ್ಟ, ಅದೂ ಹತ್ತು ವರ್ಷಕ್ಕೆ. ಓಣಿಯಲ್ಲೆಲ್ಲ ಅವ್ವನ ಕುಂಕುಮದ ಮಹಿಮೆ ಹರಡಿತು. ತಪ್ಪು ಅವ್ವನ ಹೆಸರಿನಲ್ಲಿದ್ದಾಗ ಸುಮ್ಮನಿದ್ದ ನನಗೆ, ಆ ಮಾತು ಓಡಾಡಿದ ಮೂರು ದಿನ, ಅದು ನಾನು ಹಚ್ಚಿದ ಕುಂಕುಮ ಎಂದು ಹೇಳಲು ನಾಲಿಗೆ ತುರಿಸಿತು. ಇಂಥವನು ನಾನು.

ಜನವರಿಯ ಆಸ್ಪತ್ರೆಗೆ ಹೋಗಿಬಂದಳು. ಮಾರ್ಚಿನಲ್ಲಿ ಫಲಿತಾಂಶ ಬಂತು. ಅವಳಿಗೆ ಎಲ್ಲೂ ಜಾಗ ಸಿಗಲಿಲ್ಲ. ಹತ್ತು ವರ್ಷ ಯಾವಾಗ ಬೇಕಾದರೂ ಹೋಗಬಹುದಾದ ದೇಶದಲ್ಲಿ ಅವಳನ್ನು ಕರೆಯುವವರು ಯಾರೂ ಇರಲಿಲ್ಲ. ಆ ದಿನವೂ ಡ್ಯೂಟಿಗೆ ಹೋದಳು. ಅಂದಿನಿಂದ ಅವ್ವ ಸ್ಟೆತಾಸ್ಕೋಪು ಮುಟ್ಟುವುದನ್ನು ಬಿಟ್ಟಳು. ತನ್ನ ಕೈಗುಣ ಸರಿ ಇಲ್ಲ ಎಂದು ಪಕ್ಕದ ಮನೆಯವಳ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನಾನು ಕಟರ್ ಮಶೀನು ಎತ್ತಿಕೊಂಡು ಕೆಲಸಕ್ಕೆ ಹೋದೆ.

ಈ ವರ್ಷ ತಂಗಿ ಮತ್ತೆ ಅರ್ಜಿ ಹಾಕಿದ್ದಾಳೆ. ನವಮಿಗೆ ಎರಡು ದಿನ ಮೊದಲೇ ಪಾಸ್‌ಪೋರ್ಟನ್ನು ಆಸ್ಪತ್ರೆಗೆ ಒಯ್ದು ಬೀರುವಿನಲ್ಲಿ ಬೀಗ ಹಾಕಿಟ್ಟಳು. ಪೂಜೆಯ ದಿನ ಮಣೆಯ ಮೇಲೆ ನನ್ನ ಸಾಮಾನಷ್ಟೇ ಇತ್ತು. ಅವ್ವ ದೂರ ನಿಂತು, ನೀನೇ ಹಚ್ಚಪ್ಪ ಎಂದಳು. ನಾನು ಹಚ್ಚಿದೆ. ಮರುದಿನ ದಸರೆ. ಸಂಜೆ ಬನ್ನಿ ಎಲೆ ಕೊಡುವಾಗ ತಂಗಿ ನನ್ನ ಕಾಲು ಮುಟ್ಟಲು ಬಗ್ಗಿದಳು. ತಡೆದು ಹೇಳಿದೆ.

"ತಂಗಿ, ಆ ಕುಂಕುಮ ಅವ್ವ ಹಚ್ಚಿದ್ದಲ್ಲ. ನಾ ಹಚ್ಚಿದ್ದು. ತೊಳದಿದ್ದೂ ನಾನೇ."

ಅವಳು ಒಳಗೆ ಹೋಗಿ ಮೂಲೆ ಕತ್ತರಿಸಿ ರದ್ದು ಮಾಡಿದ ಹಳೆಯ ಪಾಸ್‌ಪೋರ್ಟ್ ತಂದಳು. ಹಿಂದಿನ ಖಾಲಿ ಪುಟವೊಂದನ್ನು ಬಿಡಿಸಿ ಹಿಡಿದಳು. ನಾನು ಒರೆಸಲು ಮರೆತ ಪುಟ. ಅಲ್ಲೊಂದು ಕೆಂಪು ಹೆಬ್ಬೆಟ್ಟಿನ ಗುರುತು.

"ಅವ್ವ ಬೊಟ್ಟು ಇಡೋದು ಉಂಗುರ ಬಟ್ಟಿಂದ. ಇದು ಹೆಬ್ಬೆಟ್ಟು. ಇದರಾಗ ಒಂದಾದರ ಗೆರಿ ಅದ ಏನು ನೋಡು."

ಒಂದು ಗೆರೆಯೂ ಇರಲಿಲ್ಲ. ಇಪ್ಪತ್ತು ವರ್ಷ ಸಿಮೆಂಟು ಮೆತ್ತಿದ ಬೆರಳು ನನ್ನದು. ರೇಷನ್ ಅಂಗಡಿಯ ಯಂತ್ರ ಅದನ್ನು ಗುರುತಿಸುವುದೇ ಇಲ್ಲ. ಪ್ರತಿ ತಿಂಗಳೂ ನನ್ನ ಬದಲು ಅವ್ವ ಹೋಗಿ ಬೆರಳು ಒತ್ತಿ ಬರುತ್ತಾಳೆ.

ಮತ್ತೆ ಕೇಳಲಿಲ್ಲವೇಕೆ ಎಂದೆ.

"ಲೋಣಾವಳಾದಾಗ ಕೇಳದೇನೇ ಚಿಕ್ಕಿ ತಂದ್ಯಲ್ಲ, ಎರಡು ಥರದ್ದು. ಆಮ್ಯಾಲೆ ಲೆಕ್ಕ ಹತ್ತಿತು. ನೀನೇ ಹೇಳ್ತಿ ಅಂತ ಕಾದೆ." ಪಾಸ್‌ಪೋರ್ಟ್ ಮುಚ್ಚಿದಳು. "ನನಗ ಹೇಳಿದ್ದಾತು. ಹೋಗು, ಅವ್ವಗ ಹೇಳು. ಏಳ್ ತಿಂಗಳಾತು, ಅಕಿ ನನ್ನ ಸಾಮಾನ ಮುಟ್ಟವಲ್ಲಳು."

ಅವ್ವ ಒಳಗೆ ಹೋಳಿಗೆಗೆ ಹೂರಣ ಉಂಡೆ ಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅವಳು ಕೈಯಲ್ಲಿದ್ದ ಉಂಡೆ ಮುಗಿಸಿ ತಟ್ಟೆಯಲ್ಲಿಟ್ಟಳು.

"ಏನ್ ಹಚ್ಚಿ ತೊಳದಿದ್ದಿ?"

"ಟೈಲ್ಸ್ ತೊಳಿಯೋ ಪುಡಿ."

"ಅಷ್ಟಾದರ ಹೇಳಿದ್ರ ಆಗ್ತಿತ್ತು," ಎಂದಳು ಅವ್ವ. "ಆ ಪೊಲೀಸಪ್ಪ ಕೇಳಿದಾಗ ನಾ ನೀರು ಅಂದೆ. ಅಂವ ನಂಬಲಿಲ್ಲ."

ಆಮೇಲೆ ಕೈ ತೊಳೆದುಕೊಂಡು, ತಂಗಿಯನ್ನು ಕರೆದು, ಸ್ಟೆತಾಸ್ಕೋಪು ಎಲ್ಲಿದೆ ಎಂದು ಕೇಳಿದಳು.