ಅಂಗಾಲಿನ ಮರ್ಯಾದೆ

ನಿನ್ನೆ ಹುಮನಾಬಾದಿನಲ್ಲಿ ನನಗೊಂದು ಸನ್ಮಾನ. ನಿವೃತ್ತಿಯಾದ ಶಿಕ್ಷಕಿಯರಿಗೆ ಹೊದಿಸುವ ಅದೇ ಶಾಲು, ಅದೇ ಹಾರ. "ಇದು ನಮ್ಮ ಮರ್ಯಾದಿರಿ ಮೇಡಂ, ತೊಗೊಳ್ರಿ" ಎಂದರು ಸಂಘಟಕರು. ಆ ಮಾತು ಕೇಳಿದ್ದೇ ನನ್ನ ಅಂಗಾಲು ಉರಿಯತೊಡಗಿತು.

ಬಸವಕಲ್ಯಾಣದ ಕಡೆಯ ಹಳ್ಳಿ ನಮ್ಮದು. ಹೊಲದಿಂದ ನಮ್ಮ ಕೇರಿಗೆ ಹೋಗುವ ದಾರಿ ಗೌಡರ ದೊಡ್ಡ ಮನೆ, ಆ ವಾಡೆಯ ಮುಂದೆಯೇ ಇತ್ತು. ಬೇಸಿಗೆಯ ಮಟಮಟ ಮಧ್ಯಾಹ್ನ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ವಾಡೆ ಕಂಡೊಡನೆ ಕೆಳಗಿಳಿಸುತ್ತಿದ್ದ. ಹೆಗಲ ಮೇಲಿದ್ದರೆ ವಾಡೆಯ ಕಟ್ಟೆಯ ಮೇಲೆ ಕೂತವರಿಗಿಂತ ನಾನು ಎತ್ತರವಾಗುತ್ತಿದ್ದೆ. ಆಮೇಲೆ ತನ್ನ ಚಪ್ಪಲಿ ಬಿಟ್ಟು, ನನ್ನವನ್ನೂ ಕಳಚಿ, ಎಲ್ಲವನ್ನೂ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಅಲ್ಲಿನ ಹಾಸುಗಲ್ಲು ಒಲೆಯ ಮೇಲಿನ ಹಂಚಿನ ಹಾಗೆ ಕಾದಿರುತ್ತಿತ್ತು. ನಾನು ಕುಣಿಯುತ್ತ ಅಳುತ್ತಿದ್ದೆ. ಅವನು ಬೆನ್ನು ಬಾಗಿಸಿಕೊಂಡು ನಡೆಯುತ್ತಿದ್ದ.

"ಯಾಕಪ್ಪಾ?" ಎಂದರೆ, "ಸುಮ್ನ ನಡಿಯವ್ವ. ಮರ್ಯಾದಿ ಅದು" ಎನ್ನುತ್ತಿದ್ದ.

ವಾಡೆ ದಾಟಿದ ಮೇಲೆ ಬೇವಿನ ನೆರಳಲ್ಲಿ ಕೂತು ನನ್ನ ಅಂಗಾಲಿಗೆ ಉಫ್ ಉಫ್ ಎಂದು ಊದುತ್ತಿದ್ದ. ತನ್ನದನ್ನು ಒಮ್ಮೆಯೂ ನೋಡಿಕೊಳ್ಳುತ್ತಿರಲಿಲ್ಲ.

ಮುಂದೆ ಶಾಲೆಯಲ್ಲಿ ನಾನೇ ಮಕ್ಕಳಿಗೆ ‘ಮರ್ಯಾದೆ’ ಎಂಬ ಪದದ ಅರ್ಥ ಹೇಳಿಕೊಟ್ಟೆ, ಬೋರ್ಡಿನ ಮೇಲೆ ದುಂಡಗೆ ಬರೆದೂ ತೋರಿಸಿದೆ. ಆದರೆ ನನ್ನ ಮೈ ಕಲಿತದ್ದು ಬೇರೆಯೇ ಆಗಿತ್ತು.

ನಿನ್ನೆ ವೇದಿಕೆಯ ಮೇಲೆ ಎಲ್ಲರೂ ಬೂಟು, ಚಪ್ಪಲಿ ಹಾಕಿಕೊಂಡೇ ಕೂತಿದ್ದರು. ಶಾಲು ಹೊದ್ದು ಕೆಳಗೆ ನೋಡಿದೆ. ನನ್ನದು ಬರಿಗಾಲು. ಚಪ್ಪಲಿಗಳು ಮೆಟ್ಟಿಲ ಕೆಳಗಿದ್ದವು. ಬಿಟ್ಟು ಬಾ ಎಂದು ನನಗೆ ಯಾರೂ ಹೇಳಿರಲಿಲ್ಲ.