ಹುಟ್ಟಿದ್ದು ಒಂದು

ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಯಾರು ಕೇಳಿದರೂ ಲೆಕ್ಕದಮ್ಮ ಕಡತ ಮುಟ್ಟುತ್ತಿರಲಿಲ್ಲ. ಹೋದ ಗಣತಿಯ ಅಂಕಿಯನ್ನು ಕೊನೆಯ ಬಿಡಿ ಸಂಖ್ಯೆಯವರೆಗೂ ಬಾಯಲ್ಲೇ ಹೇಳಿ, "ಕೋಳಿ ಎಷ್ಟು ಅಂತಲೂ ಬೇಕಾ?" ಎಂದು ಕೆಣಕುತ್ತಿದ್ದಳು. ಎಷ್ಟೋ ಸಾಹೇಬರು ಬಂದು ಹೋದರು; ಜಿಲ್ಲಾ ಕಚೇರಿಯ ಮೂಲೆಯಲ್ಲಿ, ಮುಚ್ಚಲು ಬಾರದ ಕಿಟಕಿಯ ಪಕ್ಕದ ಮೇಜು ಮಾತ್ರ ಇಪ್ಪತ್ತೆಂಟು ವರ್ಷ ಅವಳದೇ. ಯಾವ ಹಳ್ಳಿಯ ಶಾಲೆ ಮುಚ್ಚಬೇಕು, ಎಲ್ಲಿಗೆ ನರ್ಸ್ ಬೇಕು ಅನ್ನುವುದೆಲ್ಲ ಅವಳು ಕೂಡಿಸಿ ಕೊಟ್ಟ ಅಂಕಿಯ ಮೇಲೇ ನಿಲ್ಲುತ್ತಿತ್ತು.

ಮನೆಮನೆಗೆ ಹೋಗುವ ಗಣತಿದಾರರಿಗೆ ತರಬೇತಿ ಕೊಡುವವಳೂ ಅವಳೇ. ನಮೂನೆಯಲ್ಲಿ ಮದುವೆಯಾದ ಹೆಂಗಸರಿಗೆ ಎರಡು ಪ್ರಶ್ನೆ: ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. "ತಲೆ ಎತ್ತಬೇಡಿ. ಕೇಳಿ, ಬರೀರಿ, ಮುಂದಕ್ಕೆ ಹೋಗಿ. ಅಯ್ಯೋ ಪಾಪ ಅಂತ ಕೂತ್ರೆ ಇಡೀ ಬೀದಿ ಹಾಗೇ ಉಳಿಯುತ್ತೆ," ಎನ್ನುತ್ತಿದ್ದಳು. ಎಂಥಾ ಕಲ್ಲು ಮನಸ್ಸು ಅಂತ ಕೆಲವರು ಗೊಣಗಿದರು. ಗೊಣಗಲಿ ಬಿಡಿ, ಅವರಿಗೇನು ಗೊತ್ತು!

ಅವಳಿಗೂ ಒಂದು ಮಗು ಹುಟ್ಟಿತ್ತು. ಹನ್ನೊಂದು ದಿನ ಇತ್ತು, ಹೆಸರಿಡುವ ಮೊದಲೇ ಹೋಯಿತು. ಹುಟ್ಟಿದ್ದನ್ನೇ ಯಾರೂ ಬರೆಸಿರಲಿಲ್ಲ, ಹೋದದ್ದನ್ನು ಯಾರು ಬರೆಸುತ್ತಾರೆ? ಮುಂದೆ ಗಂಡನೂ ತೀರಿಕೊಂಡು, ಅವನ ಕೆಲಸ ಇವಳಿಗೆ ಬಂದಾಗ, ಮೊದಲ ವಾರವೇ ಆ ವರ್ಷದ ಜನನ ಮರಣದ ರಿಜಿಸ್ಟರು ತೆಗೆಸಿ ಪುಟ ಪುಟ ಹುಡುಕಿದಳು. ಇರಲಿಲ್ಲ. ಇಡೀ ಜಿಲ್ಲೆಯ ಕಾಗದದಲ್ಲಿ ಆ ಮಗುವಿಗೆ ಜಾಗ ಸಿಗುವುದಿದ್ದರೆ ಹತ್ತು ವರ್ಷಕ್ಕೊಮ್ಮೆ ಬರುವ ಆ ಪ್ರಶ್ನೆಯಲ್ಲಿ ಮಾತ್ರ. ಮಗು ತೀರಿಕೊಂಡ ವರ್ಷವೇ ಒಂದು ಗಣತಿ ಬಂದಿತ್ತು. ಅತ್ತೆ ಬಾಗಿಲಲ್ಲೇ ನಿಂತು "ಇವಳಿಗೆ ಮಕ್ಕಳಿಲ್ಲ" ಎಂದುಬಿಟ್ಟರು. ಆಮೇಲೆ ಎರಡು ಸಲ ಇವಳು ಗಣತಿ ಡ್ಯೂಟಿ ಅಂತ ಊರೂರು ಅಲೆಯುವಾಗ, ಗಂಡ ಹೋದ ಮೇಲೆ ಬಂದು ಸೇರಿದ್ದ ಅಣ್ಣನ ಮನೆಯಲ್ಲಿ ಅತ್ತಿಗೆಯೂ ಅದನ್ನೇ ಹೇಳಿದಳು.

ಮುಂದಿನ ವರ್ಷ ನಿವೃತ್ತಿ. ಇನ್ನೊಂದು ಗಣತಿಗೆ ತಾನು ಇರುತ್ತೇನೋ ಇಲ್ಲವೋ. ಈ ಸಲ ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಕಾದು ಕೂತಳು. "ನನ್ನ ಸಾಲು ನಾನೇ ಹೇಳ್ತೀನಿ, ನೀವು ಬಾಯಿ ಹಾಕಬೇಡಿ," ಎಂದು ಅತ್ತಿಗೆಗೂ ತಾಕೀತು ಮಾಡಿದ್ದಳು.

ಬಂದವರು ಡ್ರಾಯಿಂಗ್ ಮೇಷ್ಟ್ರು, ಇವಳ ಹತ್ತಿರವೇ ತರಬೇತಿ ಪಡೆದವರು. ಮುತ್ತು ಪೋಣಿಸಿದಂಥ ಅಕ್ಷರ. ವಯಸ್ಸು ಕೇಳಿದರು, ಓದು ಕೇಳಿದರು. ಆಮೇಲೆ ಏನೂ ಕೇಳದೆ ಪೆನ್ನು ಓಡಿಸಿ ಹಾಳೆ ತಿರುಗಿಸಲು ಹೋದರು. ತಲೆಕೆಳಗಾಗಿ ಓದುವುದು ಲೆಕ್ಕದಮ್ಮನಿಗೆ ಹೊಸದೇ? ಎರಡು ಸೊನ್ನೆ ಕಂಡವು.

"ಮೇಷ್ಟ್ರೆ, ಎರಡು ಪ್ರಶ್ನೆ ಹಾರಿಸಿದ್ರಲ್ಲ."

ಮೇಷ್ಟ್ರ ಮುಖ ಸಪ್ಪಗಾಯಿತು. "ನಿಮ್ಮ ಮಗೂನ ಆಸ್ಪತ್ರೆಗೆ ತಂದಾಗ ನಮ್ಮಕ್ಕ ಅಲ್ಲಿ ನರ್ಸ್ ಆಗಿದ್ಲು. ಎಲ್ಲಾ ಹೇಳಿದ್ಲು. ಮತ್ತೆ ನಿಮ್ಮ ಬಾಯಲ್ಲಿ ಹೇಳಿಸೋದ್ಯಾಕೆ ಅಂತ..."

"ಸೊನ್ನೆ ಹಾಕಿದ್ರೆ ಹುಟ್ಟೇ ಇಲ್ಲ ಅಂತ ಆಗುತ್ತೆ. ಕೇಳಿ."

ಕೇಳಿದರು.

"ಹುಟ್ಟಿದ್ದು ಒಂದು," ಎಂದಳು ಲೆಕ್ಕದಮ್ಮ. "ಹೆಣ್ಣು."

ಮೂವತ್ತು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೇಷ್ಟ್ರು ಮೊದಲ ಸೊನ್ನೆಗೆ ಗೀಟು ಎಳೆದು ಪಕ್ಕದಲ್ಲಿ ಒಂದು ಬರೆದರು. ತಿದ್ದಿದ ಕಡೆ ಸಹಿ ಬೇಕು ಅಂತ ಅವಳೇ ಕಲಿಸಿದ್ದು, ಸಹಿ ಹಾಕಿದರು. "ಬದುಕಿರೋರು?" ಎನ್ನುವಾಗ ಮಾತ್ರ ಅವಳು ಕಲಿಸಿದ್ದನ್ನು ಮರೆತು ತಲೆ ಎತ್ತಿಬಿಟ್ಟರು.

"ಅದು ಸರಿಯಾಗೇ ಬರ್ದಿದೀರಿ."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಹೆಣ್ಣಾ? ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೇ," ಎಂದಳು.

"ಯಾರೂ ಕೇಳ್ಲಿಲ್ಲ ಅತ್ತಿಗೆ."

ಮೇಷ್ಟ್ರು ಹಾಳೆ ಮಡಚಲು ಹೋದಾಗ ಲೆಕ್ಕದಮ್ಮ ಕೈ ಅಡ್ಡ ಇಟ್ಟಳು. "ತಡೀರಿ, ಇಂಕು ಒಣಗಲಿ," ಎಂದವಳು ಆ ಒಂದನ್ನೇ ನೋಡುತ್ತಾ ಅಳತೊಡಗಿದಳು. ಬೀದಿಯಲ್ಲಿ ಇನ್ನೂ ಹದಿನಾಲ್ಕು ಮನೆ ಬಾಕಿ ಇದ್ದವು. ಮೇಷ್ಟ್ರು ಏಳಲಿಲ್ಲ.